ಕೈತೋಟದ ಬ್ಯಾರಲ್‌ಗೆ ಭದ್ರವಾದ ಮರದ ಸ್ಟ್ಯಾಂಡು

(ಮರೋಳದ ರೈತರ ಕೂಟದಲ್ಲಿ ಮಾಡಿದ ಉಪನ್ಯಾಸ)



ಹುನಗುಂದ ಸೀಮೆಯಲ್ಲಿ ನೀರಿನ ಮಾತು ಬಂದಾಗ ಮರೋಳದ ಹೆಸರು ಬರದೆ ಇರುವುದಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರನ್ನು ಮೇಲೆತ್ತಿ 24,000 ಹೆಕ್ಟೇರ್ ಜಮೀನಿಗೆ ಹನಿ ನೀರಾವರಿಯಿಂದ ಉಣಿಸಬೇಕೆಂದು 2010ರ ದಶಕದಲ್ಲಿ ಕೈಗೊಂಡ ರಾಮಥಾಳ ಯೋಜನೆಗೆ ಈ ಊರಿನ ಹೆಸರೂ ಸೇರಿಕೊಂಡಿದೆ. ಅದು ದೊಡ್ಡ ಪಂಪು, ದೊಡ್ಡ ಕೊಳವೆಗಳ ಸಂಗತಿ. ಈ ಉಪನ್ಯಾಸದ ವಿಷಯ ಬಹಳ ಸಣ್ಣದು. ಹಿತ್ತಲಿನಲ್ಲಿ 200 ಲೀಟರಿನ ಒಂದು ಬ್ಯಾರಲ್, ಅದರ ಕೆಳಗೆ ಮನೆಯಲ್ಲೇ ಮಾಡಿದ ಒಂದು ಮರದ ಸ್ಟ್ಯಾಂಡು, ಅದರಿಂದ ಹೊರಟ ಹನಿ ಕೊಳವೆ, ಆ ಕೊಳವೆಯ ಗುಂಟ ನೂರು ಬದನೆ ಅಥವಾ ಮೆಣಸಿನ ಗಿಡ. ಇಷ್ಟಕ್ಕೆ ವಿದ್ಯುತ್ತು ಬೇಡ, ಪಂಪು ಬೇಡ. ಬ್ಯಾರಲ್ ಎತ್ತರದಲ್ಲಿದ್ದರೆ ನೀರು ತನ್ನ ಭಾರದಿಂದಲೇ ಇಳಿದು ಗಿಡದ ಬುಡ ಸೇರುತ್ತದೆ.

ಆದರೆ ಎತ್ತರದಲ್ಲಿಟ್ಟ ನೀರು ಉಪಕಾರಿಯೂ ಹೌದು, ಅಪಾಯಕಾರಿಯೂ ಹೌದು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ತುಂಬಿದ ಬ್ಯಾರಲ್‌ನ ತೂಕ ಅದರ ಸ್ವಂತ ಭಾರವೂ ಸೇರಿ 210ರಿಂದ 220 ಕಿಲೋ ಆಗುತ್ತದೆ. ಎರಡು ದೊಡ್ಡ ಜೋಳದ ಚೀಲಗಳನ್ನು ಆಳೆತ್ತರಕ್ಕೆ ಎತ್ತಿಟ್ಟು, ಅದರ ಕೆಳಗೆ ಮಕ್ಕಳು ಆಡಲು, ಕೋಳಿ ಕೆದಕಲು ಬಿಟ್ಟಂತೆ. ಜೋಳದ ಚೀಲ ಅಲುಗಾಡುವುದಿಲ್ಲ. ನೀರು ಅಲುಗಾಡುತ್ತದೆ, ಸ್ಟ್ಯಾಂಡು ಓರೆಯಾದ ಕಡೆಗೇ ವಾಲುತ್ತದೆ. ಆದ್ದರಿಂದ ನಾಲ್ಕು ಕಟ್ಟಿಗೆ ನೆಟ್ಟು, ಮೇಲೆ ಎರಡು ಹಲಗೆ ಬಡಿದು, ಬ್ಯಾರಲ್ ಇಟ್ಟರೆ ಕೆಲಸ ಮುಗಿಯಿತು ಎಂದು ತಿಳಿಯಬಾರದು.

ಸ್ಟ್ಯಾಂಡು ಏಕೆ ಉರುಳುತ್ತದೆ?

ಕಟ್ಟಿಗೆ ಸಣ್ಣದಾಯಿತು, ಅದಕ್ಕೇ ಮುರಿಯಿತು ಎಂಬುದು ಸಾಮಾನ್ಯ ತಿಳಿವಳಿಕೆ. ಇದು ಬಹುಮಟ್ಟಿಗೆ ನಿಜವಲ್ಲ. ಮೂರು ಇಂಚು ಚೌಕದ ಗಟ್ಟಿ ಜಾಲಿಯ ಕಾಲು ನೆಟ್ಟಗೆ ನಿಂತಿದ್ದರೆ ತನ್ನ ಪಾಲಿಗೆ ಬರುವ 55 ಕಿಲೋ ಭಾರವನ್ನು ಲೆಕ್ಕಕ್ಕೇ ಇಡುವುದಿಲ್ಲ. ಸ್ಟ್ಯಾಂಡು ಕೆಡುವುದಕ್ಕೆ ಕಾರಣಗಳು ಬೇರೆ, ಅವು ಮುಖ್ಯವಾಗಿ ಮೂರು.

ಮೊದಲನೆಯದು, ಬುಡದ ನೆಲ. ಇಲ್ಲಿಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಇಳಿಯುವುದನ್ನು ಕಾಣದ ರೈತರಿಲ್ಲ. ಬ್ಯಾರಲ್‌ನ ಟ್ಯಾಪು ಇರುವ ಬದಿಗೆ ದಿನವೂ ನೀರು ಸೋರಿ ಅಲ್ಲಿಯ ಮಣ್ಣು ಮೆತ್ತಗಾಗುತ್ತದೆ, ಎದುರು ಬದಿ ಒಣಗಿ ಬಿರಿಯುತ್ತದೆ. ಒಂದು ಕಾಲು ಒಂದೆರಡು ಬೆರಳು ಇಳಿದರೆ ಸಾಕು, ಸ್ಟ್ಯಾಂಡು ಎದುರುಬದುರಿನ ಎರಡೇ ಕಾಲುಗಳ ಮೇಲೆ ನಿಲ್ಲುತ್ತದೆ. ಆಗ ಒಂದೊಂದು ಕಾಲಿಗೆ 55 ಕಿಲೋ ಬದಲು 110 ಕಿಲೋ ಬೀಳುತ್ತದೆ, ಮೇಲಿನ ಬ್ಯಾರಲ್ ತೂಗಾಡತೊಡಗುತ್ತದೆ.

ಎರಡನೆಯದು, ಜೋಡಣೆ. ಅಡ್ಡಪಟ್ಟಿಯನ್ನು ಕಾಲಿಗೆ ಹೊರಗಿನಿಂದ ತಾಗಿಸಿ ಮೊಳೆ ಹೊಡೆದರೆ ನೀರಿನ ಭಾರವೆಲ್ಲ ಆ ಮೊಳೆಯ ಮೇಲೆ ನೇತಾಡುತ್ತದೆ. ಬಿಸಿಲಿಗೆ ಕಟ್ಟಿಗೆ ಕುಗ್ಗಿದಾಗ ಮೊಳೆ ಸಡಿಲಾಗುತ್ತದೆ. ಭಾರ ಕಟ್ಟಿಗೆಯ ಮೇಲೆ ಕುಳಿತುಕೊಳ್ಳಬೇಕು, ಮೊಳೆಗೆ ನೇತುಬೀಳಬಾರದು. ಈ ಒಂದು ಮಾತನ್ನು ನೆನಪಿಟ್ಟರೆ ಅರ್ಧ ಬಡಿಗತನ ಬಂದಂತೆ.

ಮೂರನೆಯದು, ಓರೆಪಟ್ಟಿ ಇಲ್ಲದಿರುವುದು. ನಾಲ್ಕು ಪಟ್ಟಿಯ ಚೌಕ ಎಷ್ಟು ಬಿಗಿಯಾಗಿದ್ದರೂ ಪಕ್ಕದಿಂದ ಒತ್ತಿದರೆ ಓರೆಯಾಗುತ್ತದೆ. ಮೂರು ಪಟ್ಟಿಯ ತ್ರಿಕೋನ ಹಾಗೆ ಓರೆಯಾಗುವುದಿಲ್ಲ. ಚೌಕಕ್ಕೆ ಒಂದು ಓರೆಪಟ್ಟಿ ಬಡಿದರೆ ಅದು ಎರಡು ತ್ರಿಕೋನವಾಗಿ ಗಟ್ಟಿಯಾಗುತ್ತದೆ. ಆಡು ಮೈ ತಿಕ್ಕಿದರೂ, ಎಮ್ಮೆ ಒರಗಿದರೂ ಸ್ಟ್ಯಾಂಡು ಅಲುಗಾಡದಿರಲು ಓರೆಪಟ್ಟಿಯೇ ಆಧಾರ.

ಎತ್ತರ ಎಷ್ಟಿರಬೇಕು?

ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ದೊರೆಯುತ್ತದೆ. ಗಂಟೆಗೆ 4 ಲೀಟರ್ ಎಂದು ಬರೆದ ಡ್ರಿಪ್ಪರ್ ಅಷ್ಟು ನೀರು ಕೊಡುವುದು ಆ ಒತ್ತಡದಲ್ಲಿ. ಒಂದು ಮೀಟರ್ ಎತ್ತರದ ಸ್ಟ್ಯಾಂಡಿನ ಮೇಲೆ ಬ್ಯಾರಲ್ ತುಂಬಿದಾಗ ನೀರಿನ ಮಟ್ಟ ನೆಲದಿಂದ ಸುಮಾರು 1.9 ಮೀಟರ್, ಬರಿದಾಗುವ ಹೊತ್ತಿಗೆ 1 ಮೀಟರ್. ಹೀಗಾಗಿ ಅದೇ ಡ್ರಿಪ್ಪರ್ ಇಲ್ಲಿ ಗಂಟೆಗೆ 4 ಲೀಟರ್ ಕೊಡದೆ ಸುಮಾರು ಒಂದೂಕಾಲರಿಂದ ಒಂದೂಮುಕ್ಕಾಲು ಲೀಟರ್ ಕೊಡುತ್ತದೆ. ಇದು ಕೊರತೆಯಲ್ಲ. ನೂರು ಗಿಡಕ್ಕೆ ನೂರು ಡ್ರಿಪ್ಪರ್ ಇದ್ದರೆ ಒಂದು ಬ್ಯಾರಲ್ ನೀರು ಸುಮಾರು ಒಂದೂವರೆ ತಾಸಿನಲ್ಲಿ ಇಳಿದು, ಗಿಡಕ್ಕೆ 2 ಲೀಟರಿನಂತೆ ಸಲ್ಲುತ್ತದೆ. ಗಿಡಗಳನ್ನು 60 ಸೆಂ.ಮೀ. ಅಂತರದಲ್ಲಿ ನಾಟಿ ಮಾಡಿದರೆ ನೂರು ಗಿಡಕ್ಕೆ 36 ಚದರ ಮೀಟರ್, ಅಂದರೆ ಗುಂಟೆಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಜಾಗ ಸಾಕು. ಒಂದು ಸಂಸಾರದ ಕಾಯಿಪಲ್ಲೆಗೆ ಇದು ಒಳ್ಳೆಯ ಆಸರೆ.

ಎತ್ತರವನ್ನು ಒಂದು ಮೀಟರಿಗಿಂತ ಕಡಿಮೆ ಮಾಡಿದರೆ ಕೊಳವೆಯ ಕೊನೆಯ ಗಿಡಗಳಿಗೆ ನೀರು ತಲುಪುವುದು ಕಷ್ಟ. ಹೆಚ್ಚು ಮಾಡಿದರೆ ಕೊಡದಿಂದ ನೀರು ತುಂಬುವ ಹೆಣ್ಣುಮಕ್ಕಳಿಗೆ ತ್ರಾಸ, ಉರುಳುವ ಭಯವೂ ಹೆಚ್ಚು. ಆದ್ದರಿಂದ ಒಂದು ಮೀಟರ್ ಎತ್ತರವೇ ಯೋಗ್ಯ.

ಕಟ್ಟಿಗೆಯ ಆಯ್ಕೆ

ಈ ಭಾಗದ ರೈತರಿಗೆ ಜಾಲಿಯ ಗುಣ ಹೊಸದಾಗಿ ಹೇಳಬೇಕಾಗಿಲ್ಲ. ಬಂಡಿಯ ಗಾಲಿಗೆ, ಕೂರಿಗೆಗೆ, ಕುಂಟೆಗೆ ತಲೆಮಾರುಗಳಿಂದ ಅದನ್ನೇ ಬಳಸಿದ್ದಾರೆ. ಸ್ಟ್ಯಾಂಡಿನ ಕಾಲು ಮತ್ತು ತೊಲೆಗೆ ಜಾಲಿ ಉತ್ತಮ. ಹಲಗೆಗೆ ಬೇವು ಆಗುತ್ತದೆ. ಸಾಗವಾನಿ ಇದ್ದರೆ ಇನ್ನೂ ಲೇಸು, ಆದರೆ ಈ ಕೆಲಸಕ್ಕಾಗಿ ಅದನ್ನು ಕೊಳ್ಳುವ ಅಗತ್ಯವಿಲ್ಲ. ಯಾವ ಮರವೇ ಆಗಲಿ, ಒಳಗಿನ ಕೆಚ್ಚಿನ ಭಾಗವನ್ನೇ ಕಾಲಿಗೆ ಬಳಸಬೇಕು. ಹೊರಗಿನ ಬಿಳಿ ಭಾಗಕ್ಕೆ ಹುಳ ಮತ್ತು ಗೆದ್ದಲು ಬೇಗ ಹತ್ತುತ್ತವೆ.

ಹಸಿ ಕಟ್ಟಿಗೆಯಿಂದ ಸ್ಟ್ಯಾಂಡು ಮಾಡುವುದು ದೊಡ್ಡ ತಪ್ಪು. ಹಸಿಯಾಗಿದ್ದಾಗ ಬಿಗಿಯಾಗಿ ಕೂತ ಜೋಡಣೆ ಎರಡು ತಿಂಗಳ ಬಿಸಿಲಿಗೆ ಸಡಿಲಾಗುತ್ತದೆ. ಕೊಯ್ಯಿಸಿದ ಕಟ್ಟಿಗೆಯನ್ನು ನೆರಳಿನಲ್ಲಿ, ನಡುವೆ ಸಣ್ಣ ಪಟ್ಟಿ ಇಟ್ಟು ಗಾಳಿಯಾಡುವಂತೆ ಪೇರಿಸಿ, ಹಲವು ತಿಂಗಳು ಒಣಗಿಸಬೇಕು. ಅಷ್ಟು ಕಾಯಲಾಗದವರಿಗೆ ಸುಲಭವಾದ ದಾರಿಯೊಂದಿದೆ. ಹಳೆಯ ಮಾಳಿಗೆ ಮನೆ ಕೆಡವಿದಾಗ ಸಿಗುವ ತೊಲೆ, ಜಂತಿಗಳು, ಮುರಿದ ಬಂಡಿಯ ಮೂಕಿ, ಇವು ವರ್ಷಗಳಿಂದ ಒಣಗಿ ಪಕ್ವವಾದ ಕಟ್ಟಿಗೆಗಳು. ಒಳಗೆ ಉಳಿದ ಹಳೆಯ ಮೊಳೆಗಳನ್ನು ಕಿತ್ತು, ಸುತ್ತಿಗೆಯಿಂದ ಬಡಿದು ನೋಡಬೇಕು. ಖಣಖಣ ಎಂದರೆ ಗಟ್ಟಿ, ದಬದಬ ಎಂದರೆ ಒಳಗೆ ಪೊಳ್ಳು.

ಬದುವಿನ ಮರ ಕಡಿಯುವ ವಿಚಾರವಿದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರವಾದರೂ ಹಲವು ಜಾತಿಗಳಿಗೆ ಅನುಮತಿ ಬೇಕಾಗುತ್ತದೆ.

ಬೇಕಾಗುವ ಸಾಮಾನು

80 ಸೆಂ.ಮೀ. ಚೌಕದ, 1 ಮೀಟರ್ ಎತ್ತರದ ಸ್ಟ್ಯಾಂಡಿಗೆ:

ಕಾಲು: 7.5 ಸೆಂ.ಮೀ. ಚೌಕ, 97 ಸೆಂ.ಮೀ. ಉದ್ದ, 4.
ತೊಲೆ: 10 × 5 ಸೆಂ.ಮೀ., 80 ಸೆಂ.ಮೀ. ಉದ್ದ, 3.
ಮೇಲಿನ ಅಡ್ಡಪಟ್ಟಿ: 10 × 5 ಸೆಂ.ಮೀ., 80 ಸೆಂ.ಮೀ. ಉದ್ದ, 2.
ಕೆಳಗಿನ ಅಡ್ಡಪಟ್ಟಿ: 7.5 × 4 ಸೆಂ.ಮೀ., 80 ಸೆಂ.ಮೀ. ಉದ್ದ, 4.
ಓರೆಪಟ್ಟಿ: 5 × 2.5 ಸೆಂ.ಮೀ., 115 ಸೆಂ.ಮೀ. ಉದ್ದ, 6.
ಹಲಗೆ: 12.5 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪ, 80 ಸೆಂ.ಮೀ. ಉದ್ದ, 6.
10 ಮಿ.ಮೀ. ದಪ್ಪದ ಬೋಲ್ಟು, ನಟ್ಟು, ವಾಶರ್: 8 ಜೊತೆ. ಉಳಿದ ಜೋಡಣೆಗೆ ಸ್ಕ್ರೂ.

ಮೊದಲು ಬುಡ, ಆಮೇಲೆ ಮೇಲಿನದು

ಎರೆಭೂಮಿಯಲ್ಲಿ ಕಾಲನ್ನು ನೇರವಾಗಿ ಮಣ್ಣಿನಲ್ಲಿ ಹುಗಿಯಬಾರದು. ಮಣ್ಣು ಕಾಲನ್ನು ಅಲುಗಿಸುತ್ತದೆ, ಗೆದ್ದಲಿಗೂ ದಾರಿ ಮಾಡಿಕೊಡುತ್ತದೆ. ಸ್ಟ್ಯಾಂಡು ನಿಲ್ಲುವ ಕಡೆ 120 ಸೆಂ.ಮೀ. ಚೌಕದಲ್ಲಿ 45 ಸೆಂ.ಮೀ. ಆಳ ತೋಡಿ ಎರೆಮಣ್ಣನ್ನು ತೆಗೆದುಹಾಕಬೇಕು. ಆ ತಗ್ಗಿಗೆ ಗರಸು ತುಂಬಬೇಕು. ಒಂದೇ ಸಲಕ್ಕೆ ತುಂಬದೆ 15 ಸೆಂ.ಮೀ. ದಪ್ಪದ ಮೂರು ಪದರಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ದಿಮ್ಮಿಯಿಂದ ಚೆನ್ನಾಗಿ ಬಡಿಯಬೇಕು. ಅದರ ಮೇಲೆ ನೆಲದಿಂದ ನಾಲ್ಕು ಬೆರಳು ಎತ್ತರವಾಗುವಂತೆ ಪರಸಿ ಕಲ್ಲು ಹಾಸಬೇಕು. ಇಳಕಲ್ಲ ಕಡೆಯ ಗ್ರಾನೈಟಿನ ದಪ್ಪ ತುಂಡುಗಳಾದರೂ ನಡೆದೀತು. ಒಂದೊಂದು ಕಾಲಿಗೆ ಒಂದೊಂದು ಕಲ್ಲು ಇಡುವ ಬದಲು ಎರಡೆರಡು ಕಾಲಿಗೆ ಒಂದೇ ಉದ್ದನೆಯ ಕಲ್ಲು ಇಟ್ಟರೆ ಕಾಲುಗಳು ಬೇರೆ ಬೇರೆಯಾಗಿ ಇಳಿಯುವ ಸಂಭವ ಕಡಿಮೆ. ಸುತ್ತ ನೀರು ಹೊರಗೆ ಹರಿದುಹೋಗುವಂತೆ ಇಳಿಜಾರು ಮಾಡಬೇಕು.

ಕಲ್ಲುಗಳ ಮಟ್ಟ ನೋಡಲು ಗೌಂಡಿಗಳು ಬಳಸುವ ನೀರಿನ ಪಾರದರ್ಶಕ ಪೈಪು ಸಾಕು. ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ನಿಂತರೆ ಕಲ್ಲು ಮಟ್ಟಸವಾಗಿದೆ ಎಂದರ್ಥ. ಮಸಾರಿ ಭೂಮಿಯವರಿಗೆ ಇಷ್ಟು ತೋಡುವ ಅಗತ್ಯವಿಲ್ಲ, ಮೇಲ್ಮಣ್ಣು ತೆಗೆದು ಬಡಿದು ಕಲ್ಲು ಹಾಸಿದರೆ ಸಾಕು.

ಜೋಡಿಸುವ ಕ್ರಮ

ಪ್ರತಿ ಕಾಲಿನ ತಲೆಯಲ್ಲಿ 10 ಸೆಂ.ಮೀ. ಉದ್ದ, 5 ಸೆಂ.ಮೀ. ಆಳ ಗರಗಸದಿಂದ ಕೊಯ್ದು ಮೆಟ್ಟಿಲಿನಂತೆ ಕಚ್ಚು ಮಾಡಬೇಕು. ಹೊರಬದಿಗೆ 2.5 ಸೆಂ.ಮೀ. ದಪ್ಪದ ನಾಲಿಗೆ ಉಳಿಯುತ್ತದೆ. ಈ ಮೆಟ್ಟಿಲಿನ ಮೇಲೆ ತೊಲೆ ಕೂರುತ್ತದೆ. ನಾಲಿಗೆ ಮತ್ತು ತೊಲೆ ಎರಡಕ್ಕೂ ಕೂಡಿಯೇ ಬೈರಿಗೆಯಿಂದ ತೂತು ಕೊರೆದು ಬೋಲ್ಟು ಬಿಗಿಯಬೇಕು. ಇಲ್ಲಿ ಬೋಲ್ಟು ತೊಲೆ ಜಾರದಂತೆ ಹಿಡಿಯುತ್ತದೆ ಅಷ್ಟೆ, ಭಾರ ಹೊರುವುದು ಮೆಟ್ಟಿಲು. ಹೀಗೆ ಎರಡು ಕಾಲು, ಒಂದು ತೊಲೆ ಸೇರಿ ಒಂದು ಬದಿಯಾಗುತ್ತದೆ. ಇದೇ ರೀತಿ ಎದುರು ಬದಿಯನ್ನೂ ಸಿದ್ಧಪಡಿಸಬೇಕು.

ಎರಡೂ ಬದಿಗಳನ್ನು ಎದುರುಬದುರು ನಿಲ್ಲಿಸಿ ಮೇಲಿನ ಅಡ್ಡಪಟ್ಟಿಗಳಿಂದ ಕೂಡಿಸಬೇಕು. ಅಡ್ಡಪಟ್ಟಿಯ ಮೇಲಂಚು ತೊಲೆಯ ಕೆಳಂಚಿನ ಮಟ್ಟಕ್ಕೆ ಬರಲಿ. ಕಾಲಿನಲ್ಲಿ ಒಂದೂವರೆ ಸೆಂ.ಮೀ. ಆಳದ ಕಚ್ಚು ತೆಗೆದು ಅದರೊಳಗೆ ಕೂರಿಸಿ ಬೋಲ್ಟು ಹಾಕಬೇಕು. ಆಗ ಮೂರನೆಯ ತೊಲೆಯನ್ನು ಈ ಎರಡು ಅಡ್ಡಪಟ್ಟಿಗಳ ನಡುಮಧ್ಯದಲ್ಲಿ ಇಟ್ಟರೆ ಮೂರೂ ತೊಲೆಗಳು ಒಂದೇ ಮಟ್ಟಕ್ಕೆ ಬರುತ್ತವೆ. ಕೆಳಗಿನ ಅಡ್ಡಪಟ್ಟಿಗಳನ್ನು ನೆಲದಿಂದ ಸುಮಾರು 20 ಸೆಂ.ಮೀ. ಮೇಲೆ ಜೋಡಿಸಬೇಕು.

ಓರೆಪಟ್ಟಿ ಬಡಿಯುವ ಮೊದಲು ಸ್ಟ್ಯಾಂಡು ಚೌಕವಾಗಿದೆಯೇ ಎಂದು ನೋಡಲೇಬೇಕು, ಏಕೆಂದರೆ ಓರೆಪಟ್ಟಿ ಬಡಿದ ಮೇಲೆ ಸೊಟ್ಟ ಇದ್ದದ್ದು ಸೊಟ್ಟವಾಗಿಯೇ ಉಳಿಯುತ್ತದೆ. ಮೂಲೆಯಿಂದ ಮೂಲೆಗೆ ಹಗ್ಗ ಹಿಡಿದು ಎರಡೂ ಕರ್ಣಗಳನ್ನು ಅಳೆಯಬೇಕು. ಎರಡೂ ಸಮನಾಗಿದ್ದರೆ ಚೌಕ ಸರಿ. ಮೂಲೆಯೊಂದನ್ನೇ ಪರೀಕ್ಷಿಸುವುದಾದರೆ ಒಂದು ಬದಿಗೆ 60 ಸೆಂ.ಮೀ., ಇನ್ನೊಂದು ಬದಿಗೆ 80 ಸೆಂ.ಮೀ. ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಅಳೆದಾಗ ಸರಿಯಾಗಿ 100 ಸೆಂ.ಮೀ. ಬರಬೇಕು. ಟ್ಯಾಪು ಬರುವ ಬದಿಯನ್ನು ಬಿಟ್ಟು ಉಳಿದ ಮೂರು ಬದಿಗೆ ಎರಡೆರಡು ಓರೆಪಟ್ಟಿಗಳನ್ನು ಗುಣಾಕಾರದ ಗುರುತಿನಂತೆ ಸ್ಕ್ರೂ ಹಾಕಿ ಬಿಗಿಯಬೇಕು.

ಕೊನೆಗೆ ಹಲಗೆ. ಆರು ಹಲಗೆಗಳ ನಡುವೆ ಒಂದೊಂದು ಸೆಂ.ಮೀ. ಸಂದು ಬಿಡಬೇಕು. ಚೆಲ್ಲಿದ ನೀರು ನಿಲ್ಲದೆ ಇಳಿಯಲಿ, ಕಟ್ಟಿಗೆ ಹಿಗ್ಗಲು ಜಾಗವಿರಲಿ. ಸುತ್ತ ನಾಲ್ಕು ಬೆರಳು ಎತ್ತರದ ಅಂಚುಪಟ್ಟಿ ಬಡಿದರೆ ಬ್ಯಾರಲ್ ಜಾರುವುದಿಲ್ಲ.

ಮೆರುಗು ಅಲಂಕಾರಕ್ಕಲ್ಲ, ಆಯುಷ್ಯಕ್ಕೆ

ಬಹಳ ಜನ ಸ್ಟ್ಯಾಂಡು ನಿಂತ ಕೂಡಲೆ ಬ್ಯಾರಲ್ ಏರಿಸಿಬಿಡುತ್ತಾರೆ. ಬಣ್ಣ ಆಮೇಲೆ ಎಂದುಕೊಂಡದ್ದು ಮುಂದೆ ಆಗುವುದೇ ಇಲ್ಲ. ಸದಾ ನೀರು ಬೀಳುವ ಜಾಗದಲ್ಲಿ ಬರಿ ಕಟ್ಟಿಗೆ ಉಳಿಯುವುದು ಕಡಿಮೆ. ಮೊದಲು ತೋಪಡದಿಂದ ಹೆರೆದು, ಉಸುಕಿನ ಕಾಗದದಿಂದ ತಿಕ್ಕಿ, ಚೂಪು ಅಂಚುಗಳನ್ನು ಮುರಿಯಬೇಕು. ಚೂಪು ಅಂಚಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಕೈಗೆ ಸಿಬಿರೂ ಚುಚ್ಚುತ್ತದೆ.

ಕಟ್ಟಿಗೆಯ ಮೈಗಿಂತ ಕೊಯ್ದ ತುದಿಗಳು ಹೆಚ್ಚು ನೀರು ಹೀರುತ್ತವೆ. ಮರ ಜೀವಂತವಿದ್ದಾಗ ನೀರು ಏರಿದ ನಾಳಗಳ ಬಾಯಿ ಅಲ್ಲಿ ತೆರೆದಿರುತ್ತದೆ. ಆದ್ದರಿಂದ ಕಾಲಿನ ಬುಡ, ಕಚ್ಚಿನ ಒಳಮೈ, ಬೋಲ್ಟಿನ ತೂತು, ಹಲಗೆಯ ತುದಿ, ಇವುಗಳಿಗೆ ಜೋಡಿಸುವ ಮೊದಲೇ ಎರಡು ಮೂರು ಸಲ ಎಣ್ಣೆ ಉಣಿಸಬೇಕು. ಅಂಗಡಿಯಲ್ಲಿ ದೊರೆಯುವ ಬೇಯಿಸಿದ ಅಗಸಿ ಎಣ್ಣೆ ಇದಕ್ಕೆ ಒಳ್ಳೆಯದು. ಅದು ಕಟ್ಟಿಗೆಯೊಳಗೆ ಇಳಿದು ಒಣಗಿ ಗಟ್ಟಿಯಾಗುತ್ತದೆ. ಎಣ್ಣೆ ಪೂರ್ತಿ ಒಣಗಿದ ಮೇಲೆ ಒಂದು ಸಲ ಪ್ರೈಮರ್, ಆಮೇಲೆ ಎರಡು ಸಲ ಎನಾಮಲ್ ಬಣ್ಣ ಕೊಡಬೇಕು. ಕಾಲಿನ ಕೆಳಗಿನ ಒಂದು ಗೇಣಿಗೆ ಡಾಂಬರು ಬಳಿಯುವುದು ವಾಡಿಕೆ, ಅದು ಸರಿಯೇ. ಆದರೆ ಇಂಜಿನ್ನಿನ ಸುಟ್ಟ ಎಣ್ಣೆಯನ್ನು ಕಾಯಿಪಲ್ಲೆ ಮಡಿಯ ಪಕ್ಕದಲ್ಲಿ ಬಳಸದಿರುವುದು ಲೇಸು. ಅದು ತೊಟ್ಟಿಕ್ಕಿ ಮಣ್ಣು ಸೇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅಗಸಿ ಎಣ್ಣೆ ಒರೆಸಿದ ಅರಿವೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ. ಮುದ್ದೆಯಾದ ಅರಿವೆಯಲ್ಲಿ ಆ ಕಾವು ಹೊರಹೋಗಲಾರದೆ ತಾನಾಗಿಯೇ ಬೆಂಕಿ ಹತ್ತಬಹುದು. ಹತ್ತಿರದಲ್ಲಿ ಕಣಿಕೆಯ ಬಣವೆ ಇದ್ದರೆ ಹೇಳುವುದೇ ಬೇಡ. ಅರಿವೆಗಳನ್ನು ಬಿಡಿಸಿ ಬಯಲಿನಲ್ಲಿ ಒಣಹಾಕಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಭಾರದ ಪರೀಕ್ಷೆ

ಹೊಸ ಎತ್ತಿಗೆ ಮೊದಲ ದಿನವೇ ತುಂಬಿದ ಬಂಡಿ ಹೂಡುವುದಿಲ್ಲ. ಸ್ಟ್ಯಾಂಡಿಗೂ ಹಾಗೆಯೇ. ಮೊದಲು 50 ಲೀಟರ್ ತುಂಬಿ ಅರ್ಧ ತಾಸು ಬಿಟ್ಟು ನಾಲ್ಕೂ ಕಾಲು ಕಲ್ಲಿಗೆ ಸಮನಾಗಿ ತಾಗಿವೆಯೇ ನೋಡಬೇಕು. ಕಾಲಿನ ಕೆಳಗೆ ಕಾಗದ ತೂರಿದರೆ ಅಲ್ಲಿ ಸಂದು ಇದೆ ಎಂದರ್ಥ. ನೀರು ಇಳಿಸಿ, ಗಟ್ಟಿ ಕಟ್ಟಿಗೆಯ ತೆಳು ಚಕ್ಕೆ ಇಟ್ಟು ಸರಿಪಡಿಸಬೇಕು. ಅನಂತರ 100, 150, 200 ಲೀಟರ್ ಎಂದು ಹಂತಹಂತವಾಗಿ ಏರಿಸಿ, ತುಂಬಿದ ಬ್ಯಾರಲ್ಲನ್ನು ಒಂದು ರಾತ್ರಿ ಬಿಡಬೇಕು. ಮರುದಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಈ ಪರೀಕ್ಷೆ ಮುಗಿಯುವವರೆಗೆ ಮಕ್ಕಳನ್ನು ಹತ್ತಿರ ಬಿಡಕೂಡದು.

ತುಂಬಿದ ಬ್ಯಾರಲ್ಲಿಗೆ ಭಾರದ ಭಯವಾದರೆ ಬರಿದಾದ ಬ್ಯಾರಲ್ಲಿಗೆ ಗಾಳಿಯ ಭಯ. ಬೇಸಿಗೆಯ ಕೊನೆಯ ಬಿರುಗಾಳಿ ಬರಿ ಪ್ಲಾಸ್ಟಿಕ್ ಬ್ಯಾರಲ್ಲನ್ನು ಹಾರಿಸಿಬಿಡುತ್ತದೆ, ಅದರೊಡನೆ ಕೊಳವೆಯೂ ಕಿತ್ತುಹೋಗುತ್ತದೆ. ಹಗ್ಗದಿಂದ ಬ್ಯಾರಲ್ಲನ್ನು ತೊಲೆಗಳಿಗೆ ಬಿಗಿದಿಡಬೇಕು. ಬಾಯಿಗೆ ಒತ್ತಾದ ಅರಿವೆ ಕಟ್ಟಬೇಕು. ಇದರಿಂದ ಕಸ ಬಿದ್ದು ಡ್ರಿಪ್ಪರ್ ಕಟ್ಟುವುದು ತಪ್ಪುತ್ತದೆ, ಡೆಂಗೆ ಹರಡುವ ಸೊಳ್ಳೆ ಮೊಟ್ಟೆ ಇಡುವುದೂ ತಪ್ಪುತ್ತದೆ. ವಾರಕ್ಕೊಮ್ಮೆ ಬ್ಯಾರಲ್ಲನ್ನು ಪೂರ್ತಿ ಬರಿದು ಮಾಡಿ ಒಳಗೆ ತಿಕ್ಕಿ ತೊಳೆಯುವುದು ಇನ್ನೂ ಕ್ಷೇಮ.

ಮೀನಿನ ಗಾಜಿನ ತೊಟ್ಟಿಗೂ ಇದೇ ಲೆಕ್ಕ

ಇತ್ತೀಚೆಗೆ ಹಳ್ಳಿಯ ಶಾಲೆಗಳಲ್ಲಿ, ಮನೆಗಳಲ್ಲಿ ಗಪ್ಪಿಯಂಥ ಸಣ್ಣ ಮೀನು ಸಾಕುವ ಆಸಕ್ತಿ ಕಾಣುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನುವ ಮೀನಾದ್ದರಿಂದ ಇದು ಸ್ವಾಗತಾರ್ಹ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು ಎತ್ತರದ ತೊಟ್ಟಿಗೆ 54 ಲೀಟರ್ ನೀರು ಹಿಡಿಯುತ್ತದೆ. ಗಾಜು, ಹರಳು ಸೇರಿ ಸುಮಾರು 70 ಕಿಲೋ ಆಗುತ್ತದೆ. ಇದನ್ನು ಹಳೆಯ ಮೇಜಿನ ಮೇಲೆ ಇಡುವವರು ಹೆಚ್ಚು. ಬ್ಯಾರಲ್ ತುಸು ಓರೆಯನ್ನು ತಾಳಿಕೊಂಡೀತು, ಗಾಜು ತಾಳುವುದಿಲ್ಲ. ಮೇಲಿನ ಹಲಗೆ ಒಂದು ಮೂಲೆಯಲ್ಲಿ ತಿರುಚಿಕೊಂಡರೆ ಗಾಜು ಅಲ್ಲಿಯೇ ಸೀಳುತ್ತದೆ. ಆದ್ದರಿಂದ ಮೇಲೆ ಹೇಳಿದ ರೀತಿಯಲ್ಲೇ ಕಚ್ಚು ಮತ್ತು ಓರೆಪಟ್ಟಿಗಳಿರುವ ಸ್ಟ್ಯಾಂಡು ಮಾಡಿ, ಹಲಗೆಗಳ ಸಂದು ಮುಚ್ಚುವಂತೆ ಒಂದೇ ದಪ್ಪ ಪ್ಲೈವುಡ್ ಹಾಸಿ, ಅದರ ಮೇಲೆ ತೆಳುವಾದ ಥರ್ಮಾಕೋಲ್ ಹಾಳೆ ಇಟ್ಟು ತೊಟ್ಟಿ ಕೂರಿಸಬೇಕು. ನೆಲದ ಸಣ್ಣಪುಟ್ಟ ಏರುಪೇರನ್ನು ಕಾಲಿನ ಕೆಳಗೆ ಸರಿಪಡಿಸಬೇಕೇ ಹೊರತು ಗಾಜಿನ ಕೆಳಗೆ ಚಕ್ಕೆ ತೂರಿಸಬಾರದು.

ವರ್ಷಕ್ಕೆರಡು ಸಲ

ಸ್ಟ್ಯಾಂಡನ್ನು ಮಾಡಿ ಮರೆಯಬಾರದು. ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿ ಮುಗಿದ ಮೇಲೆ ಒಮ್ಮೆ ಬ್ಯಾರಲ್ ಇಳಿಸಿ ನೋಡಬೇಕು. ಎರೆನೆಲ ಉಬ್ಬುವ, ಕುಗ್ಗುವ ಕಾಲ ಅವೇ. ಕಲ್ಲಿನ ಮಟ್ಟ, ಬೋಲ್ಟಿನ ಬಿಗಿ, ಕಾಲಿನ ಬುಡದಲ್ಲಿ ಗೆದ್ದಲಿನ ಮಣ್ಣಿನ ಗೆರೆ, ಬಣ್ಣ ಎದ್ದ ಜಾಗ, ಈ ನಾಲ್ಕನ್ನು ನೋಡಲು ಅರ್ಧ ತಾಸು ಸಾಕು. ದೋಷ ಸಣ್ಣದಿರುವಾಗ ಒಂದು ಚಕ್ಕೆ ಅಥವಾ ಒಂದು ಕೈ ಎಣ್ಣೆಯಲ್ಲಿ ಮುಗಿಯುತ್ತದೆ.

ಬೇಸಿಗೆಯಲ್ಲಿ ಬ್ಯಾರಲ್ ಉರುಳಿದರೆ ಹೋಗುವುದು 200 ಲೀಟರ್ ನೀರು ಮಾತ್ರವಲ್ಲ. ಕೊಳವೆ ಜೋಡಿಸಿ ನೀರು ಮತ್ತೆ ಹರಿಯುವಷ್ಟರಲ್ಲಿ ನಾಲ್ಕಾರು ದಿನ ಕಳೆಯುತ್ತವೆ, ಹೂ ಕಾಯಿ ಬಿಟ್ಟ ನೂರು ಗಿಡ ಬಾಡುತ್ತವೆ. ಕೆಳಗೆ ಕೂಸು ಇದ್ದರಂತೂ ಆ ನಷ್ಟಕ್ಕೆ ಲೆಕ್ಕವೇ ಇಲ್ಲ. ಊರಿನ ಬಡಿಗರ ಸಲಹೆ ಪಡೆದು, ಮನೆಯ ಹಳೆಯ ಕಟ್ಟಿಗೆ ಬಳಸಿ, ಎರಡು ಮೂರು ದಿನದ ದುಡಿಮೆಯಲ್ಲಿ ರೈತರು ಇಂಥ ಸ್ಟ್ಯಾಂಡು ಮಾಡಿಕೊಳ್ಳಬಹುದು. ಬುಡ ಮಟ್ಟಸವಾಗಿರಲಿ, ಭಾರ ಕಟ್ಟಿಗೆಯ ಮೇಲೆ ಕೂರಲಿ, ಓರೆಪಟ್ಟಿ ತಪ್ಪದಿರಲಿ, ಕೊಯ್ದ ತುದಿಗೆ ಎಣ್ಣೆ ಬೀಳಲಿ. ಇಷ್ಟನ್ನು ಪಾಲಿಸಿದ ಹಿತ್ತಲಲ್ಲಿ ಬೇಸಿಗೆಯಲ್ಲೂ ಕಾಯಿಪಲ್ಲೆ ಹಸಿರಾಗಿರುತ್ತದೆ, ಮನೆಯವರೂ ನಿಶ್ಚಿಂತೆಯಿಂದ ಇರುತ್ತಾರೆ.